ಪಿನ್ ಹೊಡೆದವನೇ ಪಿನ್ ನೋಡಬಾರದು

ನಮ್ಮ ಶಾಲೆಯ ವರ್ಕ್‌ಶಾಪಿನಲ್ಲಿ ಕಲಿತವರಿಗೆಲ್ಲ ಅವರು ಸುಭೇದಾರ ಮಾಸ್ತರರು. ಕಾರವಾರದ ಕ್ಯಾಥೊಲಿಕ್ ಮನೆತನ, ಮನೆಮಾತು ಕೊಂಕಣಿ, ಪಾಠ ಕನ್ನಡದಲ್ಲಿ, ಅಳತೆ ಕೊನೆಯವರೆಗೂ ಅಡಿ-ಇಂಚುಗಳಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಪುಣೆ ಹತ್ತಿರದ ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ಎಂಬ ಸೈನ್ಯದ ಎಂಜಿನಿಯರಿಂಗ್ ಪಡೆ ಸೇರಿ ಬರ್ಮಾಕ್ಕೆ ಹೋದರು. ಸೇತುವೆ ಕಟ್ಟುವುದು, ಮೈನು ಅಂದರೆ ನೆಲಬಾಂಬು ತೆಗೆಯುವುದು ಸೈನ್ಯದಲ್ಲಿ ಕಲಿತ ವಿದ್ಯೆ. ನಿವೃತ್ತಿಯ ಮೇಲೆ ಊರಿಗೆ ಬಂದು ಮಕ್ಕಳಿಗೆ ಡ್ರಾಯಿಂಗ್ ಮತ್ತು ವರ್ಕ್‌ಶಾಪ್ ಹೇಳಿಕೊಟ್ಟರು. ತೊಂಬತ್ತು ದಾಟಿ ಬದುಕಿದರು. ಅವರ ಪದಕಗಳ ಬಗ್ಗೆ ಊರಿಗೆಲ್ಲ ಗೊತ್ತು. ಬರೆದಿಡಬೇಕಾದ್ದು ಅವರು ಕೆಲಸ ಮಾಡುತ್ತಿದ್ದ ಕ್ರಮ. ಅದನ್ನು ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ.

ಅವರ ಪಾಠದ ಜೀವಾಳ ಬೈಲಿ ಸೇತುವೆ. ಯುದ್ಧಕಾಲದಲ್ಲಿ ಡೊನಾಲ್ಡ್ ಬೈಲಿ ರೂಪಿಸಿದ ಈ ಉಕ್ಕಿನ ಸೇತುವೆಗೆ ಕ್ರೇನ್ ಬೇಕಿಲ್ಲ, ವೆಲ್ಡಿಂಗ್ ಬೇಕಿಲ್ಲ. ಅದರ ಒಂದು ಪ್ಯಾನೆಲ್, ಅಂದರೆ ಉಕ್ಕಿನ ಚೌಕಟ್ಟು, 10 ಅಡಿ ಉದ್ದ, ಸುಮಾರು 5 ಅಡಿ ಎತ್ತರ, 570 ಪೌಂಡ್ ತೂಕ. ಅಂದರೆ ಸುಮಾರು 259 ಕಿಲೋ. ಆರು ಜನ ಹೊರುತ್ತಾರೆ, ತಲೆಗೆ 43 ಕಿಲೋ ಬರುತ್ತದೆ. ಅಡ್ಡ ಬರುವ ಟ್ರಾನ್ಸಮ್ ತೊಲೆಗೆ ಎಂಟು ಜನ. 1944ರ ಡಿಸೆಂಬರಿನಲ್ಲಿ ಬರ್ಮಾದ ಕಾಲೇವಾದಲ್ಲಿ ಚಿಂಡ್ವಿನ್ ನದಿಗೆ ಹಾಕಿದ 1,154 ಅಡಿಯ ತೇಲು ಸೇತುವೆಯೂ ಇದೇ ಪ್ಯಾನೆಲ್‌ಗಳದ್ದು.

ಪ್ಯಾನೆಲ್‌ಗಳನ್ನು ಜೋಡಿಸುವುದು ಪಿನ್. ಪಿನ್ನಿನ ಮೊನೆಯ ಹತ್ತಿರ ಸೇಫ್ಟಿ ಕ್ಲಿಪ್ ಹಾಕಲು ಸಣ್ಣ ತೂತು ಇರುತ್ತದೆ, ತಲೆಯ ಮೇಲೆ ಆ ತೂತಿನ ದಿಕ್ಕಿಗೇ ಒಂದು ಗೀರು ಇರುತ್ತದೆ. ಆಚೆ ಬದಿ ಕಾಣದಿದ್ದರೂ ಗೀರು ನೋಡಿ ತೂತು ಯಾವ ಕಡೆಗಿದೆ ಎಂದು ತಿಳಿಯಬಹುದು. ರಾತ್ರಿ ದೀಪವಿಲ್ಲದೆ ಕಟ್ಟುವಾಗ ಬೆರಳಿನಿಂದ ಸವರಿ ನೋಡಿದರೂ ಸಾಕು. ಕ್ಲಿಪ್ ಇಲ್ಲದ ಪಿನ್, ಗಾಡಿಗಳ ನಡುಕಕ್ಕೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಅದಕ್ಕೇ ಮಾಸ್ತರರ ಕಟ್ಟಳೆ: ಪಿನ್ ಹೊಡೆದವನು ಒಬ್ಬ, ನೋಡಿ ಸರಿ ಎನ್ನುವವನು ಇನ್ನೊಬ್ಬ. ಹೊಡೆದವನ ಕಣ್ಣಿಗೆ ತಾನು ಮಾಡಿದ್ದೆಲ್ಲ ಸರಿಯಾಗಿಯೇ ಕಾಣುತ್ತದೆ ಎನ್ನುತ್ತಿದ್ದರು.

ಹೊಸಬರು ಎಡವುವ ಇನ್ನೊಂದು ಜಾಗ ಬೋಲ್ಟು. ಮೊದಲ ಅಂಕಣ, ಅಂದರೆ ಒಂದು ಪ್ಯಾನೆಲ್ ಉದ್ದದ ಭಾಗ, ನಿಂತ ಕೂಡಲೇ ಉಮೇದಿನಲ್ಲಿ ಪ್ಯಾನೆಲ್‌ಗಳನ್ನು ಅಲುಗದಂತೆ ಹಿಡಿಯುವ ಬ್ರೇಸಿಂಗ್ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಮುಂದಿನ ಪ್ಯಾನೆಲ್ ತಂದಾಗ ತೂತಿಗೆ ತೂತು ಕೂಡುವುದಿಲ್ಲ, ಪಿನ್ ಒಳಗೆ ಹೋಗುವುದಿಲ್ಲ, ಸುತ್ತಿಗೆ ಏಟು ಶುರುವಾಗುತ್ತದೆ. ಮುಂದಿನ ಅಂಕಣ ಕೂಡುವ ತನಕ ಬೋಲ್ಟು ಕೈಬಿಗಿಯಲ್ಲೇ ಇರಬೇಕು.

ಸೇತುವೆಯನ್ನು ಹೊಳೆಗೆ ಅಡ್ಡ ತಳ್ಳುವ ಪಾಠಕ್ಕೆ ಸಾಗವಾನಿ ತುಂಡುಗಳಲ್ಲಿ ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಮಾದರಿ ಮಾಡಿದ್ದರು. ಎರಡು ಮೇಜುಗಳ ನಡುವೆ ಹೊಳೆ. ಈಚೆ ಮೇಜಿನ ಅಂಚಿಗೆ ರೋಲರ್ ಎಂದು ಒಂದು ಪೆನ್ಸಿಲ್. ಮಾದರಿಯನ್ನು ಮೆಲ್ಲಗೆ ತಳ್ಳಿದರೆ ಅರ್ಧ ದಾಟುತ್ತಲೇ ಮೂತಿ ಕೆಳಗಾಗಿ ನೆಲಕ್ಕೆ ಬೀಳುತ್ತಿತ್ತು. ಬೀಳಲು ಬಿಡುತ್ತಿದ್ದರು. ಆಮೇಲೆ ಮುಂದಕ್ಕೆ ಹಲಗೆ ಹಾಸಿಲ್ಲದ ಹಗುರ ಮೂಗು ಜೋಡಿಸಿ, ಹಿಂದಿನ ಅಂಕಣಗಳಿಗೆ ಹಲಗೆ ಇಟ್ಟು, ಮತ್ತೆ ತಳ್ಳಿಸುತ್ತಿದ್ದರು. ಬಾಲದ ಮೇಲೆ ಒಬ್ಬ ಹುಡುಗನ ಬೆರಳು, ಒತ್ತಲಿಕ್ಕಲ್ಲ, ಬಾಲ ಹಗುರಾಗುವುದು ತಿಳಿಯಲಿಕ್ಕೆ. ಮೂಗು ಆಚೆ ದಡದ ರೋಲರ್ ಮುಟ್ಟುವವರೆಗೆ ಒಟ್ಟು ತೂಕದ ಕೇಂದ್ರ ಈಚೆಯ ರೋಲರ್‌ನ ಹಿಂದೆಯೇ ಇರಬೇಕು ಎಂಬುದು ಆ ಬೆರಳಿಗೆ ಅರ್ಥವಾಗುತ್ತಿತ್ತು. ನಿಜವಾದ ದಡದಲ್ಲಿ ಕೆಡುವುದು ಬಹುಪಾಲು ರೋಲರ್ ಕೂರಿಸುವುದರಲ್ಲಿ. ಎಡಬಲ ಒಂದೇ ಮಟ್ಟವಿಲ್ಲದಿದ್ದರೆ ಸೇತುವೆ ಪಕ್ಕಕ್ಕೆ ಎಳೆಯುತ್ತದೆ, ಮಳೆಗಾಲದ ಮಣ್ಣಿನಲ್ಲಿ ತಳಹಲಗೆ ಸಾಲದಿದ್ದರೆ ರೋಲರೇ ಹುಗಿಯುತ್ತದೆ.

ಮೈನು ತೆಗೆಯುವ ವಿಷಯ ಬಂದರೆ ಅವರ ಮಾತು ಕಾರವಾರದ ಹತ್ತಿರದ ಚೆಂಡಿಯಾ ಊರಿಗೆ ಹೋಗುತ್ತಿತ್ತು. 1918ರಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ ಅದೇ ಊರಿನವರು, ಅದೇ ಬಾಂಬೆ ಸ್ಯಾಪರ್ಸ್‌ನವರು. 1948ರ ಏಪ್ರಿಲಿನಲ್ಲಿ ಜಮ್ಮು-ಕಾಶ್ಮೀರದ ನೌಶೇರಾ-ರಾಜೌರಿ ದಾರಿಯಲ್ಲಿ ಕೆಲಸ ಶುರುವಾಗುವ ಮೊದಲೇ ಮಾರ್ಟರ್ ದಾಳಿಗೆ ಅವರ ತಂಡದ ಇಬ್ಬರು ಸತ್ತರು, ರಾಣೆ ಸೇರಿ ಐವರಿಗೆ ಗಾಯವಾಯಿತು. ಆದರೂ ಅವರು ದಾರಿ ಬಿಡಿಸುತ್ತಲೇ ಹೋದರು. ಅಡ್ಡ ಕೆಡವಿದ ಐದು ಪೈನ್ ಮರಗಳು, ಸುತ್ತ ಮೈನುಗಳು, ಮೇಲಿಂದ ಗುಂಡು. ಪರಮವೀರ ಚಕ್ರ ಪಡೆದ ರಾಣೆಯವರ ಪ್ರತಿಮೆಗೆ ಹಾರ ಹಾಕಿದರೆ ಸಾಲದು, ಆ ಕೆಲಸ ಹೇಗಿರುತ್ತದೆಂದೂ ತಿಳಿಯಿರಿ ಎಂದು ಮಾಸ್ತರರು ನೆಲದ ಮೇಲೆ ಹೊಟ್ಟೆಯಡಿ ಮಲಗಿ ತೋರಿಸುತ್ತಿದ್ದರು. ಚುಚ್ಚುವ ಸಲಾಕೆ ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಬೇಕು. ಮೈನು ಸಿಡಿಯುವುದು ಮೇಲಿನಿಂದ ಒತ್ತಿದರೆ. ನೆಟ್ಟಗೆ ಚುಚ್ಚಿದರೆ ಅದರ ತಲೆಗೇ ತಾಗುತ್ತದೆ, ಓರೆಯಾಗಿ ಹೋದರೆ ಪಕ್ಕೆಗೆ ತಾಗುತ್ತದೆ.

ಊರಿಗೆ ಅವರು ಹೆಚ್ಚು ಉಪಯೋಗಕ್ಕೆ ಬಂದದ್ದು ಮನೆ ಕಟ್ಟುವವರಿಗೆ. ಅಳಿವೆಯ ಮರಳಿನಲ್ಲಿ ಉಪ್ಪಿರುತ್ತದೆ, ಆ ಉಪ್ಪು ಕಾಂಕ್ರೀಟಿನೊಳಗಿನ ಸರಳನ್ನು ತುಕ್ಕು ಹಿಡಿಸುತ್ತದೆ, ತುಕ್ಕು ಹಿಗ್ಗಿ ಸ್ಲ್ಯಾಬಿನ ಅಡಿಯಿಂದ ಚಕ್ಕೆ ಉದುರುತ್ತದೆ. ಕರಾವಳಿಯ ಎಷ್ಟೋ ಮನೆಗಳ ರೋಗವೇ ಇದು. ಮರಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕುಲುಕಿ, ಸೋಸಿದ ನೀರಿಗೆ ಎರಡು ಹನಿ ನೈಟ್ರಿಕ್ ಆಮ್ಲ, ಮೇಲೆ ಸಿಲ್ವರ್ ನೈಟ್ರೇಟ್. ಮೊಸರಿನಂತೆ ಬಿಳಿ ಕಟ್ಟಿದರೆ ಆ ಮರಳನ್ನು ಸಿಹಿನೀರಲ್ಲಿ ತೊಳೆದು ಮತ್ತೆ ಪರೀಕ್ಷಿಸಬೇಕು. ಸಮುದ್ರದ ಹನಿ ಎರಚುವಲ್ಲಿ ಸರಳಿನ ಮೇಲೆ ಎರಡು ಇಂಚು, ಅಂದರೆ 50 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಲೇಬೇಕು. ಸರಳಿನಡಿ ಇಡುವ ಬಿಲ್ಲೆಯನ್ನು ಸಿಮೆಂಟಿನಿಂದಲೇ ಎರೆಯಬೇಕು. ಚಿರೇಕಲ್ಲಿನ ಚೂರು ಇಟ್ಟರೆ ಅದು ನೀರು ಹೀರಿ ಸರಳಿಗೇ ಮುಟ್ಟಿಸುತ್ತದೆ. 50 ಕಿಲೋ ಸಿಮೆಂಟ್ ಚೀಲಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಸುರಿಯುವ ಮೇಸ್ತ್ರಿಗೆ ಅವರು ಕೊಡ ಕೆಳಗಿಡಿಸುತ್ತಿದ್ದರು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಅವರು ಬದುಕಿರಲಿಲ್ಲ. ಸೇತುವೆ ಕಟ್ಟಿದ ಮೇಲೂ ಅದನ್ನು ನೋಡುತ್ತಲೇ ಇರಬೇಕು ಎಂದು ಅವರಷ್ಟು ಸಲ ಹೇಳಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ಸ್ವಂತ ಮನೆ ಕಟ್ಟುವಾಗಲೂ ಪಿನ್ನಿನ ಕಟ್ಟಳೆಯೇ. ಸರಳು ಕಟ್ಟಿಸಿದ್ದು ಮಾಸ್ತರರು, ಬಿಲ್ಲೆಗಳನ್ನು ಒಂದೊಂದಾಗಿ ಎಣಿಸಿ ಕಾಂಕ್ರೀಟಿಗೆ ಅಪ್ಪಣೆ ಕೊಟ್ಟದ್ದು ಅವರ ಹೆಂಡತಿ, ನಮ್ಮ ಪ್ರಾಥಮಿಕ ಶಾಲೆಯ ಅಕ್ಕೋರು. ಸಂಜೆ ತೇರ್ಸಿನ, ಅಂದರೆ ಜಪಮಾಲೆ ಪ್ರಾರ್ಥನೆಯ, ಹೊತ್ತಿಗೆ ಅವರ ಮನೆಯಲ್ಲಿ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಮಕ್ಕಳು ಮೊಮ್ಮಕ್ಕಳೆಲ್ಲ ಮೊಣಕಾಲೂರಿ ಕೂರಬೇಕು. ಭಾನುವಾರದ ಪೂಜೆ ತಪ್ಪಿಸಿದವರಲ್ಲ, ಇಗರ್ಜಿಯ ಮಾಡು ಸೋರಿದರೆ ಏಣಿ ಹತ್ತಿದವರೂ ಅವರೇ. ಡಿಸೆಂಬರ್ 4, ಸಿಡಿಮದ್ದಿನ ಜೊತೆ ದುಡಿಯುವವರ ಪಾಲಕಿ ಸಂತ ಬಾರ್ಬರಾಳ ದಿನ. ಅಂದು ಮೇಣದಬತ್ತಿ ಹಚ್ಚಿ, ಬರ್ಮಾದಿಂದ ಮರಳದ ಜೊತೆಗಾರರ ಹೆಸರುಗಳನ್ನು ಓದುತ್ತಿದ್ದರು. ಆ ಪಟ್ಟಿಯಲ್ಲಿ ಎಲ್ಲ ಧರ್ಮದವರೂ ಇದ್ದರು.

ಸಾಗವಾನಿ ಮಾದರಿ ಈಗಲೂ ವರ್ಕ್‌ಶಾಪಿನ ಕಪಾಟಿನಲ್ಲಿದೆ. ಪ್ಯಾನೆಲ್‌ಗಳು ಗಟ್ಟಿಯಾಗಿವೆ. ಮೂಗಿನ ಒಂದು ಅಂಕಣ ಮತ್ತು ಕೆಲವು ಹಿತ್ತಾಳೆ ಪಿನ್ನುಗಳು ಕಾಣೆಯಾಗಿವೆ. ಹೊಸದಾಗಿ ಮಾಡುವವರು ಪ್ಯಾನೆಲನ್ನು 10 ಇಂಚು ಉದ್ದಕ್ಕೆ ಕೊಯ್ಯಬೇಕು, ಆ ಅಳತೆ ಪಿನ್ ತೂತಿನ ನಡುವಿನಿಂದ ಪಿನ್ ತೂತಿನ ನಡುವಿಗೆ, ಮರದ ತುದಿಯಿಂದ ತುದಿಗಲ್ಲ. ಒಬ್ಬರು ಕೊಯ್ದದ್ದನ್ನು ಇನ್ನೊಬ್ಬರು ಅಳೆದು ನೋಡಿ ಕಪಾಟಿಗೆ ಇಡಬೇಕೆಂದು ಈಗಿನ ಶಿಕ್ಷಕರಲ್ಲಿ ವಿನಂತಿ.