ಗೋರಿಯ ಮೇಲೆ ಹಾದ ಗೋಡೆ

ವೇಲ್ಸ್‌ನ ಪಶ್ಚಿಮ ಕರಾವಳಿಗೆ ನನ್ನನ್ನು ಎಳೆದದ್ದು ಕಾರ್ನೆದೈ ಹೆಂಗೂಮ್ ಎಂಬ ಜೋಡಿ ಕಲ್ಗುಪ್ಪೆಗಳು, ಅಂದರೆ ನವಶಿಲಾಯುಗದ ಗೋರಿಗಳು. ಮೊದಲ ದಿನ ಅವು ಕೈತಪ್ಪಿದವು. ಆ ದಾರಿಯ ಸಣ್ಣ ನಿಲ್ದಾಣಗಳಲ್ಲಿ ರೈಲು ಕೇಳಿಕೊಂಡರೆ ಮಾತ್ರ ನಿಲ್ಲುತ್ತದೆ. ನಾನು ಇಳಿಯಬೇಕಿದ್ದ ಟಾಲಿಬಾಂಟ್ ಕಣ್ಣೆದುರೇ ಹಿಂದೆ ಸರಿದುಹೋಯಿತು. ಹೋಗುವವರು ನೆನಪಿಡಿ: ಇಳಿಯಲು ಗಾರ್ಡ್‌ಗೆ ಮೊದಲೇ ಹೇಳಬೇಕು, ಹತ್ತಲು ಕೈ ಬೀಸಬೇಕು. ಒಂದು ಇಡೀ ಮಧ್ಯಾಹ್ನ ಕಳೆದುಕೊಂಡ ಹೊಟ್ಟೆಯುರಿ ನನಗಿನ್ನೂ ಆರಿಲ್ಲ.

ಮರುದಿನ ಡಫ್ರಿನ್ ಆರ್ಡಿಡ್ವಿಯ ಶಾಲೆಯ ಹಿಂದಿರುವ ಸಮಾಧಿಯನ್ನು ನೋಡಿದೆ. 1961-62ರಲ್ಲಿ ಉತ್ಖನನವಾದ, ಅಚ್ಚುಕಟ್ಟಾಗಿ ಕಾಪಾಡಿದ ಜಾಗ. ಮನಸ್ಸು ಅಲ್ಲಿ ನಿಲ್ಲದೆ ಬೆಟ್ಟ ಹತ್ತಿದೆ.

ಮೇಲೆ ಗಾಳಿ, ಬೆನ್ನ ಹಿಂದೆ ಕಡಲು. ದೊಡ್ಡ ಗುಪ್ಪೆ ಐವತ್ತು ಮೀಟರಿಗೂ ಉದ್ದ. ಐದು ಸಾವಿರ ವರ್ಷಕ್ಕೂ ಹಳೆಯದಾದ ಅದರ ಬೆನ್ನ ಮೇಲೇ ಗಾರೆಯಿಲ್ಲದ ಹೊಲದ ಗೋಡೆಯೊಂದು ಅಡ್ಡಲಾಗಿ ಹಾದುಹೋಗಿದೆ. ಪಕ್ಕದ ಚಿಕ್ಕ ಗುಪ್ಪೆಗೂ ಅದೇ ಗತಿ. ಗೋಡೆಗೆ ಕಲ್ಲು ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಿರಲಿಲ್ಲ. ಕೊಪ್ಪಳದ ಹಿರೇಬೆಣಕಲ್‌ನ ಪ್ರಾಚೀನ ಗೋರಿಗಳಾದ ಕಲ್ಮನೆಗಳ ನಡುವೆ ಓಡಾಡಿದವನು ನಾನು. ಗೋರಿಯ ಕಲ್ಲು ಕಿತ್ತು ಕುರಿಗೆ ಗೋಡೆ ಕಟ್ಟಿದ್ದು ಕಂಡು ಸಿಟ್ಟು ನೆತ್ತಿಗೇರಿತು.

ತುಸು ಕೆಳಗೆ, ಕುಸಿದ ಗೋಡೆಯನ್ನು ಒಬ್ಬ ವಯಸ್ಸಾದ ರೈತರು ಮತ್ತೆ ಕಟ್ಟುತ್ತಿದ್ದರು. ನನ್ನ ಅಸಮಾಧಾನವನ್ನು ಅವರೆದುರೇ ಆಡಿಬಿಟ್ಟೆ. ಅವರು ಕಲ್ಲೊಂದನ್ನು ಕೈಯಲ್ಲಿ ತಿರುಗಿಸುತ್ತಲೇ ಕೇಳಿದರು:

"ಗುಪ್ಪೆ ಕಟ್ಟಿದವರು ಯಾರು ಗೊತ್ತೇ? ಅವರೂ ದನ ಕುರಿ ಸಾಕಿದವರು, ಕಾಳು ಬಿತ್ತಿದವರು. ಈ ನೆಲದ ಮೊದಲ ರೈತರು."

ನವಶಿಲಾಯುಗದ ಬಗ್ಗೆ ಎಷ್ಟೋ ಓದಿದ್ದರೂ ನನಗೆ ಅದು ಹೊಳೆದಿರಲಿಲ್ಲ. ನಾನು ಸತ್ತವರನ್ನಷ್ಟೇ ನೋಡಿದ್ದೆ, ಅವರು ಬದುಕಿನುದ್ದಕ್ಕೂ ಮಾಡಿದ ಕೆಲಸವನ್ನು ನೋಡಿರಲಿಲ್ಲ.

"ಹಾಗಾದರೆ ಈಗಲೂ ಅಲ್ಲಿಂದ ಕಲ್ಲು ತರುತ್ತೀರಾ?" ಎಂದೆ.

"ಇಲ್ಲಪ್ಪ, ಕಾನೂನಿದೆ. ಕಾನೂನಿಲ್ಲದಿದ್ದರೂ ಮುಟ್ಟುವುದಿಲ್ಲ. ಬಿದ್ದ ಕಲ್ಲೇ ಸಾಕು."

ಗೋಡೆಯ ಮರೆಯಲ್ಲಿ ಕುರಿಗಳು ಗಾಳಿಗೆ ಬೆನ್ನುಕೊಟ್ಟು ಮಲಗಿದ್ದವು. ಬೇಲಿಯಿಲ್ಲದ ಮೇಲಿನ ಬೆಟ್ಟದಲ್ಲೂ ಇವು ದಾರಿ ತಪ್ಪುವುದಿಲ್ಲವಂತೆ. ಮರಿ ತಾಯಿಯ ಹಿಂದೆ ಅಲೆದು ತನ್ನ ನೆಲೆ ಕಲಿಯುತ್ತದೆ. ಆ ನೆಲೆಗೆ ವೆಲ್ಷ್‌ನಲ್ಲಿ 'ಕನೆವಿನ್' ಎನ್ನುತ್ತಾರೆ. ಅವರು ಆ ಪದವನ್ನು ಮೂರು ಸಲ ಹೇಳಿಸಿ ನನ್ನ ಉಚ್ಚಾರ ತಿದ್ದಿದರು.

ಹೊರಡುವ ಮುನ್ನ ನಾನೂ ಒಂದು ಕಲ್ಲು ಇಡಲೇ ಎಂದು ಕೇಳಿದೆ. ಚೆಲುವಾದ ಉದ್ದ ಮುಖ ಹೊರಗೆ ಕಾಣುವಂತೆ ಇಟ್ಟೆ. ಅವರು ಅದನ್ನು ಮೆಲ್ಲನೆ ತೆಗೆದು, ಉದ್ದ ಗೋಡೆಯ ಒಳಕ್ಕೆ ಹೋಗುವಂತೆ ತಿರುಗಿಸಿ ಕೂರಿಸಿದರು. ಹೊರಗೆ ಅಂಗೈಯಗಲ ಮಾತ್ರ ಉಳಿಯಿತು. ಅಲ್ಲಾಡದಂತೆ ಹಿಂದೆ ಒಂದು ಚಕ್ಕೆ ತುರುಕಿ, ಮುಂದಿನ ಕಲ್ಲಿಗೆ ಕೈಚಾಚಿದರು.