ಅಡ್ಮಿಷನ್ ರಿಜಿಸ್ಟರಿನ ಕಪಾಟು

ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಮೇ ತಿಂಗಳಲ್ಲಿ ಹುಟ್ಟಿದವರು. ಸೇರಿಸಲು ಬಂದ ಅಪ್ಪಂದಿರಿಗೆ ತಾರೀಕು ನೆನಪಿರುತ್ತಿರಲಿಲ್ಲ. "ಆಟಿ ಅಮಾಸೆ ಕಳೆದು ಮೂರನೇ ದಿನ ಮಾಷ್ಟ್ರೇ, ಆ ವರ್ಷ ತೋಡು ತುಂಬಿ ಸಂಕ ಹೋಗಿತ್ತು" ಎನ್ನುತ್ತಿದ್ದರು. ಹೆಡ್‌ಮಾಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿ, ಜೂನ್ ಒಂದಕ್ಕೆ ವಯಸ್ಸು ಸರಿಹೋಗುವ ಹಾಗೆ ಒಂದು ದಿನ ಬರೆದುಬಿಡುತ್ತಿದ್ದರು.

ಅಕ್ಷರ ಚೆಂದ ಅಂತ ಏಳನೇ ಕ್ಲಾಸಿನಲ್ಲಿ ನನ್ನನ್ನು ಆಫೀಸು ರೂಮಿನಲ್ಲಿ ಕೂರಿಸಿ ನಕಲು ಬರೆಸುತ್ತಿದ್ದರು. ಪಾಸ್‌ಪೋರ್ಟಿಗೆ, ಪೆನ್ಶನ್ನಿಗೆ, ಗಲ್ಫಿಗೆ ಅಂತ ಹಳೆಯ ವಿದ್ಯಾರ್ಥಿಗಳು ಬರುತ್ತಲೇ ಇದ್ದರು. ನಮ್ಮದು ಕೇರಳದ ಕಾಸರಗೋಡು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲ್ಲೇಜ್ ಆಫೀಸಿನ ಅರ್ಜಿ ಮಾತ್ರ ಮಲಯಾಳದಲ್ಲಿ. ಹೀಗಾಗಿ ಒಂದೇ ಲಕ್ಷ್ಮಿ ಇನ್ನೊಂದು ಕಾಗದದಲ್ಲಿ ಲೆಕ್ಷ್ಮಿ ಆಗುತ್ತಿದ್ದರು. "ಹೆಸರು ಎಲ್ಲ ಕಡೆ ಒಂದೇ ಥರ ಉಂಟಾ ನೋಡು, ಆಮೇಲೆ ಸೀಲು ಹಾಕುವ" ಎನ್ನುತ್ತಿದ್ದರು ಮಾಷ್ಟ್ರು. ಆಗ ನನಗೆ ಅದು ಬರೀ ಕಿರಿಕಿರಿ. ಹೊರಗೆ ಲಗೋರಿ ಆಟ ನಡೆಯುತ್ತಿರುತ್ತಿತ್ತು.

ಮಂಗಳೂರಿನಲ್ಲಿ ಕಾನೂನು ಓದಿ, ಮದುವೆಯಾಗಿ ಅಮೆರಿಕಕ್ಕೆ ಹೋದೆ. ಅಲ್ಲಿ ಎಲ್‌ಎಲ್‌ಎಂ ಮಾಡಿ ವಕೀಲಿಕೆಯ ಲೈಸೆನ್ಸಿಗೆ ಬೇಕಾದ ನ್ಯೂಯಾರ್ಕಿನ ಬಾರ್ ಪರೀಕ್ಷೆ ಪಾಸು ಮಾಡಿಕೊಂಡೆ. ವಲಸೆ ಕಾನೂನು ಅಲ್ಲಿ ಕೇಂದ್ರದ ಕಾನೂನು. ಹಾಗಾಗಿ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಬೇರೆ ರಾಜ್ಯದವರ ವಲಸೆ ಕೇಸನ್ನೂ ಹಿಡಿಯಬಹುದು. ನಾನು ಈ ದಾರಿ ಹಿಡಿಯಲು ಅದೂ ಒಂದು ಕಾರಣ. ಗಂಡನಿಗೆ ಎರಡು ವರ್ಷಕ್ಕೊಮ್ಮೆ ಊರು ಬದಲಾಗುತ್ತಿತ್ತು!

ಇನ್ನೊಂದು ಕಾರಣ ನನ್ನ ಹೆಸರು. ನಮ್ಮಲ್ಲಿ ಸರ್‌ನೇಮ್ ಎಲ್ಲಿರುತ್ತದೆ? ಪಾಸ್‌ಪೋರ್ಟಿನಲ್ಲಿ ಆ ಕಾಲಂ ಖಾಲಿ. ವೀಸಾ ಬಂದಾಗ ನನ್ನ ಹೆಸರೇ ಸರ್‌ನೇಮ್ ಆಗಿತ್ತು. ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ. 'ಮೊದಲ ಹೆಸರು ಗೊತ್ತಿಲ್ಲ' ಅಂತ ಅದರ ಅರ್ಥ. ಬ್ಯಾಂಕಿನಲ್ಲೂ ಅದೇ, ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ "ಮಿಸ್ ಫ್ನೂ" ಅಂತ ಕೂಗಿದಳು. ಎದ್ದು ಹೋದೆ, ಮತ್ತೇನು ಮಾಡುವುದು.

ಊರಿಗೆ ಬಂದಾಗ "ಅಕ್ಕಾ, ಮಗನಿಗೊಂದು ವೀಸಾ ತೆಗೆಸಿಕೊಡಿ" ಎನ್ನುವವರು ಈಗಲೂ ಇದ್ದಾರೆ. ವೀಸಾ ತೆಗೆಸಿಕೊಡುವುದು ನನ್ನ ಕೈಯಲ್ಲಿಲ್ಲ ಮಾರಾಯ್ರೇ. ಎಚ್-1ಬಿ ಎಂಬ ಕೆಲಸದ ವೀಸಾ ವರ್ಷಕ್ಕೆ 65,000, ಅಲ್ಲಿನ ಮಾಸ್ಟರ್ಸ್ ಡಿಗ್ರಿ ಇದ್ದವರಿಗೆ ಇನ್ನೊಂದು 20,000. ಅರ್ಜಿ ಜಾಸ್ತಿಯಾದರೆ ಲಾಟರಿ. ಅಲ್ಲೇ ಖಾಯಂ ಉಳಿಯಲು ಬೇಕಾದ ಗ್ರೀನ್ ಕಾರ್ಡಿನದ್ದು ಇನ್ನೂ ಕಷ್ಟ. ಒಂದು ದೇಶದವರಿಗೆ ಸುಮಾರು ಶೇಕಡಾ 7 ಎಂಬ ಮಿತಿ ಇದೆ. ಹಾಗಾಗಿ ಕೆಲಸದ ಮೇಲೆ ಅರ್ಜಿ ಹಾಕಿದ ನಮ್ಮವರ ಸಾಲು ವರ್ಷಗಟ್ಟಲೆ ಕದಲುವುದಿಲ್ಲ. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರು ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳಬಹುದು. 2002ರಲ್ಲಿ ಬಂದ ಒಂದು ಕಾನೂನು ಕೆಲವರ ವಯಸ್ಸಿನಿಂದ ಸ್ವಲ್ಪ ದಿನ ಕಳೆದುಕೊಡುತ್ತದೆ, ಎಲ್ಲರಿಗೂ ಸಾಲುವುದಿಲ್ಲ. ಬೆರಳು ಮಡಚಿ ಆ ಲೆಕ್ಕ ಹಾಕುವಾಗೆಲ್ಲ ನನಗೆ ಹೆಡ್‌ಮಾಷ್ಟ್ರ ನೆನಪು. ವ್ಯತ್ಯಾಸ ಇಷ್ಟೇ, ನಾನು ತಾರೀಕು ಕೊಡುವ ಹಾಗಿಲ್ಲ.

ಗಡೀಪಾರಿನ ಕೇಸುಗಳನ್ನೂ ಮಾಡುತ್ತೇನೆ. ಆ ಕೋರ್ಟಿನಲ್ಲಿ ಸರ್ಕಾರದ ಪರ ವಕೀಲರು ಇರುತ್ತಾರೆ. ಎದುರಿನವರಿಗೆ ಕಾಸಿಲ್ಲದಿದ್ದರೆ ಸರ್ಕಾರ ವಕೀಲರನ್ನು ಕೊಡಬೇಕೆಂಬ ನಿಯಮ ಇಲ್ಲ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಇರಲಿ, ಹೇಳಬೇಕೆಂದಿದ್ದ ಕೇಸು ಬೇರೆ. ನಮ್ಮ ಊರಿನವರದ್ದೇ, ಹೆಸರು ಬಿಟ್ಟು ಬರೆಯಲು ಅವರು ಒಪ್ಪಿದ್ದಾರೆ. ಮಗ ಅಮೆರಿಕದ ಪೌರ, ಅಮ್ಮನನ್ನು ಕರೆಸಿಕೊಳ್ಳಬೇಕು. ಪೌರರ ತಂದೆ ತಾಯಿಗೆ ಸಂಖ್ಯೆಯ ಮಿತಿ ಇಲ್ಲ, ಸುಲಭ ಅಂದುಕೊಂಡೆ. ಆದರೆ ಅಮ್ಮನ ಜನನ ಪ್ರಮಾಣಪತ್ರ ಇಲ್ಲ. 1970ರ ಏಪ್ರಿಲಿಗಿಂತ ಮೊದಲು ಹುಟ್ಟಿದ ಭಾರತೀಯರಾದರೆ ಶಾಲೆಯ ಸರ್ಟಿಫಿಕೇಟನ್ನೂ ಒಪ್ಪುತ್ತಾರೆ. ಅವರು ನಮ್ಮ ಶಾಲೆಯಲ್ಲೇ ನಾಲ್ಕರವರೆಗೆ ಓದಿದವರು. ಫೋನು ಮಾಡಿದೆ. ಈಗಿನ ಹೆಡ್‌ಮಾಷ್ಟ್ರು ಎರಡು ದಿನ ಹುಡುಕಿಸಿ ರಿಜಿಸ್ಟರು ತೆಗೆಸಿದರು. ಅಂಚಿಗೆ ಗೆದ್ದಲು ಹಿಡಿದಿತ್ತು, ಹೆಸರು ಉಳಿದಿತ್ತು. ಸೇರಿದ್ದು 1956ರ ಜೂನ್. ಹುಟ್ಟಿದ್ದು ಮೇ ತಿಂಗಳಲ್ಲಿ, ಮತ್ತೆ ಯಾವಾಗ!

ಇಂಗ್ಲಿಷ್ ಅನುವಾದ ಮಾಡಿಸಿ ಕಳಿಸಿದೆವು. ಪ್ರಶ್ನೆ ವಾಪಸ್ ಬಂತು. ಶಾಲೆಯ ಕಾಗದದಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ರಾಜ್ಯ ಅಂತಿದೆ. ಪಾಸ್‌ಪೋರ್ಟಿನಲ್ಲಿ ಕಾಸರಗೋಡು, ಕೇರಳ. ಇಬ್ಬರೂ ಒಬ್ಬರೇ ಅಂತ ಹೇಗೆ ನಂಬುವುದು?

ನಗು ಬಂತು, ಸಿಟ್ಟೂ ಬಂತು. ಆ ಅಮ್ಮ ಹುಟ್ಟಿದ ಮನೆಯಿಂದ ಮದುವೆಯಾಗಿ ಹೋದದ್ದು ಗುಡ್ಡದ ಆಚೆ ಬದಿಗೆ, ಅಷ್ಟೇ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಐದನೇ ಸೆಕ್ಷನ್ ತೆಗೆದೆ. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರುತ್ತದೆ ಅಂತ ಅದರಲ್ಲಿದೆ. ಜಾರಿಗೆ ಬಂದದ್ದು ನವೆಂಬರ್ 1ರಂದು. ಹುಡುಗಿ ಒಂದನೇ ಕ್ಲಾಸಿಗೆ ಸೇರಿ ಐದು ತಿಂಗಳಾಗಿತ್ತು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ ಅಂತ ಅದನ್ನೂ ಸೇರಿಸಿದೆ. ಎರಡು ಪುಟದ ಪತ್ರ. ನಮ್ಮ ಅಪ್ಪ ಅಜ್ಜ ಸಾವಿರ ಸಲ ಮಾತಾಡಿ ಬೇಸತ್ತ ವಿಷಯವನ್ನು ನಾನು ಅಷ್ಟು ತಣ್ಣಗೆ ಬರೆದದ್ದು ಅದೇ ಮೊದಲು. ವೀಸಾ ಬಂತು.

ಈಗಿನ ಮಾಷ್ಟ್ರಲ್ಲಿ ಒಂದು ವಿನಂತಿ. ಆ ಕಪಾಟು ಇರುವ ಮೂಲೆಯಲ್ಲಿ ನಾವು ಓದುವಾಗಲೇ ಹಂಚು ಸೋರುತ್ತಿತ್ತು, ಕೆಳಗೆ ಬಾಲ್ದಿ ಇಡುತ್ತಿದ್ದೆವು. ಮಳೆಗಾಲಕ್ಕೆ ಮೊದಲು ಒಮ್ಮೆ ನೋಡಿ. ಹಂಚಿನ ಖರ್ಚು ನನ್ನದು.