ಮಾಳಿಗೆ ಮೇಲಿನ ಮಳೆಮಾಪಕ

ವಿಜಯಪುರದ ನಮ್ಮ ಮಾಳಿಗೆ ಮೇಲೆ ಒಂದು ಮಳೆಮಾಪಕ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡುತ್ತೇನೆ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ. ನಿನ್ನೆ ಸಿಕ್ಕಿದ್ದು ಎರಡು ಮಿಲಿಮೀಟರ್ ನೀರು, ಜೊತೆಗೆ ಒಂದು ಸತ್ತ ಇರುವೆ.

"ಮೋಡ ಬರ್ತಾವ, ಮಳಿ ಯಾಕ ಬರವಲ್ದು?" ಅಂದಳು ಅವ್ವ.

ಸಮುದ್ರವನ್ನೇ ಕೇಳಬೇಕು ಅಂದೆ. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಮಾಮೂಲಿಗಿಂತ ಬಿಸಿಯಾದರೆ ಅದು ಎಲ್ ನಿನೊ. ಆಗ ನಮ್ಮ ಮುಂಗಾರು ಸೊರಗೋದೇ ಜಾಸ್ತಿ. ಪ್ರತಿ ಸಲ ಅಲ್ಲ ಮತ್ತೆ! 1997ರಲ್ಲಿ ಎಲ್ ನಿನೊ ಜೋರಾಗಿತ್ತು, ದೇಶದ ಮಳೆ ಮಾತ್ರ ಸರಿಯಾಗೇ ಆಯ್ತು. ಹವಾಮಾನ ಇಲಾಖೆ ನಡೆಸಲು 1904ರಲ್ಲಿ ಭಾರತಕ್ಕೆ ಬಂದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತದವರು. ಪೆಸಿಫಿಕ್‌ನಲ್ಲಿ ಗಾಳಿಯ ಒತ್ತಡ ಏರಿದರೆ ಹಿಂದೂ ಸಾಗರದ ಕಡೆ ಇಳಿಯುತ್ತೆ ಅಂತ ಬರೀ ಅಂಕಿ ಹೊಂದಿಸಿಯೇ ಕಂಡುಕೊಂಡರು. ಎಲ್ ನಿನೊಗೂ ಈ ಏರಿಳಿತಕ್ಕೂ ನಂಟಿದೆ.

ಅವ್ವ ಎಲ್ಲಾ ಕೇಳಿಸಿಕೊಂಡಳು. "ಅದಿರ್ಲಿ, ತೊಗರಿ ಬಿತ್ತೂದೋ ಬ್ಯಾಡೋ?"